ಅಪ್ಪ ಕಾಯಿಸಿದ ಡ್ರಮ್

ಹಳೆಯ ಡ್ರಮ್ ಸೆಟ್ ಬಿಟ್ಟು ದೊಡ್ಡದು ಯಾಕೆ ತಂದಿರಿ ಎಂದು ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತೇನೆ. ಅದು ಕಲಿಯುವವರ ಸೆಟ್, ಈಗ ಕೈ ಕೂತಿದೆ, ಅದು ಸಾಲುತ್ತಿರಲಿಲ್ಲ. ಶಾಲೆಯಲ್ಲಿ ಹಾಗೆ ಹೇಳಿದ್ದೇನೆ, ಓಣಿಯಲ್ಲೂ ಹಾಗೇ ಹೇಳಿದ್ದೇನೆ. ಸುಳ್ಳೇನಲ್ಲ, ಆದರೆ ನಿಜವೆಲ್ಲ ಅದರಲ್ಲಿಲ್ಲ. ಹಳೆಯದನ್ನು ನಮ್ಮಪ್ಪ ಬೆಂಕಿಗೆ ಹಿಡಿದಿದ್ದ.

ಹೀಗೆಂದರೆ ಅಪ್ಪ ಸಿಟ್ಟಿನ ಮನುಷ್ಯ ಎಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಸಿಟ್ಟು ಬಂದದ್ದು ನನ್ನ ಪಾಲಿಗೆ. ಅಪ್ಪ ಕುರಿಗಳ ಮೇಲೂ ಜೋರಾಗಿ ಒದರಿದವನಲ್ಲ. ಅವನು ಜೋರು ಮಾಡುತ್ತಿದ್ದದ್ದು ಡೊಳ್ಳಿನ ಮೇಲೆ ಮಾತ್ರ.

ನನ್ನ ತವರು ದೇವದುರ್ಗ ತಾಲೂಕಿನ ಮಸರಕಲ್. ಕುರಿ ಸಾಕುವ, ಒಂದಿಷ್ಟು ಹೊಲ ಮಾಡುವ ಮನೆ. ಪಡಸಾಲೆಯ ಜಂತಿಗೆ ಅಪ್ಪನ ಡೊಳ್ಳು ತೂಗುಹಾಕಿರುತ್ತಿತ್ತು. ಅದನ್ನು ಇಳಿಸುವ ದಿನ ಅಪ್ಪ ಬೆಳಗ್ಗೆಯೇ ಮಿಂದು, ಅದಕ್ಕೆ ಭಂಡಾರ ಹಚ್ಚಿ, ಅಂದರೆ ದೇವರ ಅರಿಶಿನ ಹಚ್ಚಿ, ಅಂಗಳದಲ್ಲಿ ಹತ್ತಿಕಟ್ಟಿಗೆಯ ಸಣ್ಣ ಉರಿ ಮಾಡಿ ಅದರ ಮುಂದೆ ಹಿಡಿಯುತ್ತಿದ್ದ. ಒಂದು ಮಗ್ಗುಲು, ಮತ್ತೊಂದು ಮಗ್ಗುಲು. ಸಡಿಲಾಗಿದ್ದ ಚರ್ಮ ಬಿಸಿಗೆ ಬಿಗಿಯುತ್ತಿತ್ತು. ಬೆರಳಿನಿಂದ ತಟ್ಟಿ, ತಲೆ ಓರೆ ಮಾಡಿ ಕೇಳಿ, ಹದ ಬಂತು ಎನ್ನುತ್ತಿದ್ದ. ಆಮೇಲೆ ಅದನ್ನು ಕೊರಳಿಗೆ ಹಾಕಿಕೊಂಡು ಹೊಟ್ಟೆಗೆ ಆನಿಸಿಕೊಂಡರೆ, ಮೆತ್ತಗಿನ ನಮ್ಮಪ್ಪ ಬೇರೆಯೇ ಮನುಷ್ಯ ಆಗಿಬಿಡುತ್ತಿದ್ದ.

ಹೆಣ್ಣುಮಕ್ಕಳು ಡೊಳ್ಳು ಮುಟ್ಟುವಂತಿರಲಿಲ್ಲ. ಬೇರೆ ಊರುಗಳಲ್ಲಿ ಈಗ ಹೆಣ್ಣುಮಕ್ಕಳ ಮೇಳಗಳೇ ಇವೆ, ನೋಡಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಚರ್ಮ ದೇವರದು, ಹೆಣ್ಣಿನ ಕೈ ತಾಗಿದರೆ ಮೈಲಿಗೆ. ನಾನು ಬಾಗಿಲ ಹಿಂದೆ ನಿಂತು ಅಪ್ಪನ ಮೇಳದ ಪೆಟ್ಟುಗಳನ್ನೆಲ್ಲ ಕಲಿತೆ. ಜೋಳದ ಡಬ್ಬಿ, ಕೊಡ, ಹಿಟ್ಟಿನ ಪರಾತ, ಕೈಗೆ ಸಿಕ್ಕಿದ್ದರ ಮೇಲೆ ಬಾರಿಸಿದೆ. ಅವ್ವ ಸೌಟಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು. ಆಗಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಅವ್ವ ಈಗಿಲ್ಲ, ಅವಳ ಮೇಲೂ ಹೋಗಿಲ್ಲ.

ಟೀಚರ್ ನೌಕರಿ ಸಿಕ್ಕಿತು. ಮಲ್ಲಟದಲ್ಲಿ ಶಾಲೆ, ಮಾನ್ವಿಯಲ್ಲಿ ಮನೆ. ಮದುವೆ, ಸಂಸಾರ ಎಲ್ಲ ಆಗಿ ನಲವತ್ತರ ಹತ್ತಿರ ಬಂದಾಗ ಒಂದು ದಿನ ರಾಯಚೂರಿನ ಅಂಗಡಿಯೊಂದರಲ್ಲಿ ಆ ಹಳೆಯ ಡ್ರಮ್ ಸೆಟ್ ಕಂಡೆ. ಕಲಿಯುವವರಿಗೆಂದೇ ಮಾಡಿದ ಅಗ್ಗದ ಸೆಟ್. ಕಾಲಲ್ಲಿ ತುಳಿದು ಬಾರಿಸುವ ದೊಡ್ಡ ಡ್ರಮ್ ಕೂಡ ಅದರಲ್ಲಿ ಸಣ್ಣದೇ. ಕಂಚಿನ ತಾಳಗಳ ಜಾಗದಲ್ಲಿ ತಗಡಿನ ತಟ್ಟೆಗಳು. ಬಾರಿಸಿದರೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಆದರೂ ಮನೆಗೆ ತಂದೆ. ಮೊಬೈಲಿನಲ್ಲಿ ನೋಡಿ ನೋಡಿ ಕಲಿತೆ. ನಮ್ಮ ಮನೆಯವರು ಒಳ್ಳೆಯ ಮನುಷ್ಯ, ಬೇಡ ಎನ್ನಲಿಲ್ಲ. ಸಂಜೆ ನಾನು ಕೋಲು ಹಿಡಿದರೆ ಕಿವಿಗೆ ಹತ್ತಿ ಇಟ್ಟುಕೊಂಡು ಪೇಪರ್ ಓದುತ್ತಿದ್ದರು.

ಅಪ್ಪನಿಗೆ ಹೇಗೆ ಹೇಳುವುದು ಎನ್ನುವುದೇ ನನ್ನ ಚಿಂತೆಯಾಗಿತ್ತು. ನೀರಮಾನ್ವಿಯ ಎಲ್ಲಮ್ಮನ ಗುಡಿಗೆ ಹೋಗುವಾಗ ಅಪ್ಪ ನಮ್ಮ ಮನೆಯಲ್ಲಿ ಒಂದೆರಡು ದಿನ ಇದ್ದು ಹೋಗುತ್ತಿದ್ದ. ಆ ಸಲ ಬಂದಾಗ ನಾನೇ ಅವನ ಕೈ ಹಿಡಿದು ಡ್ರಮ್ಮಿನ ಮುಂದೆ ನಿಲ್ಲಿಸಿ, ಇದರಲ್ಲಿ ಚರ್ಮ ಇಲ್ಲ, ಬರೀ ಪ್ಲಾಸ್ಟಿಕ್, ದೇವರಿಗೂ ಇದಕ್ಕೂ ಸಂಬಂಧ ಇಲ್ಲ, ಮೈಲಿಗೆ ಎಲ್ಲಿಂದ ಬರಬೇಕು ಎಂದು ವಾದ ಮಾಡಿದೆ. ಅಪ್ಪ ಉಗುರಿನಿಂದ ಕೆರೆದು ನೋಡಿದ. ಹೌದು, ಪ್ಲಾಸ್ಟಿಕ್ಕೇ. ಹಂಗಾದರೆ ಇದು ಡಬ್ಬಿ, ಬಾರಿಸಿಕೊ ಎಂದ. ವಾದದಲ್ಲಿ ಗೆದ್ದೆ. ಆದರೆ ಡಬ್ಬಿಯನ್ನು ಯಾರು ಕೂತು ಕೇಳುತ್ತಾರೆ? ನಾನು ಬಾರಿಸಲು ಕೂತರೆ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಚಹಾದ ಹೋಟೆಲಿಗೆ ನಡೆಯುತ್ತಿದ್ದ. ಬಂದಾಗಲೆಲ್ಲ ಹಾಗೇ. ಒಂದು ಸಲವೂ ಕೂರಲಿಲ್ಲ, ನಾನೂ ಕೂರು ಎನ್ನಲಿಲ್ಲ. ಅಪ್ಪನ ಮಗಳೇ ನಾನು, ಹಟದಲ್ಲಿ.

ಈ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ತಮ್ಮ ಮಸರಕಲ್ಲಿನಿಂದ ಫೋನ್ ಮಾಡಿದ. ಅಪ್ಪ ಮೇಳಕ್ಕೆ ಹೋಗುವುದನ್ನು ಬಿಟ್ಟಿದ್ದಾನೆ, ಭುಜ ನೋವು ಅನ್ನುತ್ತಾನೆ, ಯಾರ ಜೊತೆಗೂ ಮಾತಿಲ್ಲ, ಕರೆದರೆ ತಿರುಗಿ ನೋಡುವುದಿಲ್ಲ, ಮಂದಿಯೆಲ್ಲ ಮುದುಕನಿಗೆ ಸೊಕ್ಕು ಬಂದಿದೆ ಅನ್ನುತ್ತಿದ್ದಾರೆ, ಸ್ವಲ್ಪ ದಿನ ನಿನ್ನ ಹತ್ತಿರ ಇಟ್ಟುಕೊ ಎಂದ. ನಾನೇ ಹೋಗಿ ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಅಪ್ಪ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ. ಊಟ ಆಯ್ತೇನು ಎಂದರೂ ಹೂಂ, ಭುಜ ಎಲ್ಲಿ ನೋವು ಎಂದರೂ ಹೂಂ. ನನಗೂ ಸೊಕ್ಕೇ ಎನಿಸಿತು.

ಒಂದು ದಿನ ಶಾಲೆ ಮುಗಿಸಿ ಬಂದೆ. ಗೇಟಿನ ಹತ್ತಿರಕ್ಕೇ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡು ಹಿತ್ತಲಿಗೆ ಹೋದರೆ, ಅಪ್ಪ ಮಿಂದು, ಶುಭ್ರ ಧೋತರ ಉಟ್ಟು, ಉರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನನ್ನ ದೊಡ್ಡ ಡ್ರಮ್ಮನ್ನು ಎರಡೂ ಕೈಯಿಂದ ಹಿಡಿದು ಬೆಂಕಿಯ ಮುಂದೆ ತಿರುಗಿಸುತ್ತಿದ್ದ. ಸಣ್ಣವು ಪಕ್ಕದಲ್ಲಿದ್ದವು, ಅವುಗಳ ಸರದಿ ಮುಗಿದಿತ್ತು. ಒಂದರ ಪ್ಲಾಸ್ಟಿಕ್ ತೂತು ಬಿದ್ದು ಅಂಚು ಮುದುಡಿತ್ತು. ದೊಡ್ಡದರ ಮುಖ ಕರಿದ ಹಪ್ಪಳದಂತೆ ಗುಳ್ಳೆ ಗುಳ್ಳೆ ಎದ್ದಿತ್ತು.

ನಾನು ಬೈದೆ. ಬಾಯಿಗೆ ಬಂದದ್ದೆಲ್ಲ ಬೈದೆ. ನಿನಗೆ ಬುದ್ಧಿ ಇದೆಯಾ, ಇಷ್ಟು ವರ್ಷ ಡಬ್ಬಿ ಅಂದದ್ದು ಸಾಲದೇ, ಸುಡಬೇಕಾಗಿತ್ತೇ ಎಂದು ಓಣಿಗೆಲ್ಲ ಕೇಳುವಂತೆ ಒದರಿದೆ. ಪಕ್ಕದ ಮನೆಯ ಹೆಂಗಸು ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದಳು. ಅಪ್ಪ ನನ್ನ ಮುಖ ನೋಡಿ ನಕ್ಕ. ಅವನು ಬಹಳ ದಿನಗಳ ಮೇಲೆ ನಕ್ಕದ್ದು ಅದು. ಗುಳ್ಳೆಯೆದ್ದ ಪ್ಲಾಸ್ಟಿಕ್ಕನ್ನು ಬೆರಳಿನಿಂದ ತಟ್ಟಿದ, ತಲೆ ಓರೆ ಮಾಡಿದ, ಸಮಾಧಾನದಿಂದ ತಲೆಯಾಡಿಸಿದ.

"ಹದಾ ಬಂದದ ನೋಡವ್ವಾ. ಚಲೋ ಕಾಸೀನಿ. ಈಗ ಬಾರ್ಸು, ನಾ ಕುಂತು ಕೇಳ್ತೀನಿ."

ಆ ಡ್ರಮ್ಮಿನಿಂದ ಬಂದದ್ದು ಒದ್ದೆ ರಟ್ಟು ತಟ್ಟಿದ ಸದ್ದು. ಊರ ಆಚೆ ಹಳ್ಳದ ದಂಡೆಯಲ್ಲಿ ಬಾರಿಸಿದರೂ ಯಾರ ಡೊಳ್ಳು ಸಡಿಲಾಗಿದೆ ಎಂದು ಹೇಳುತ್ತಿದ್ದ ನಮ್ಮಪ್ಪ ಆ ಸದ್ದಿಗೆ ತಲೆಯಾಡಿಸಿದ್ದ. ಅವನ ಬೆನ್ನ ಹಿಂದೆ ಹೋಗಿ ಯಪ್ಪಾ ಎಂದು ಕರೆದೆ. ಮತ್ತೆ ಕರೆದೆ. ಅಪ್ಪ ಕಟ್ಟಿಗೆಯಿಂದ ಬೂದಿ ಕೆದಕುತ್ತ ಕೂತೇ ಇದ್ದ. ನಾನು ಹಿತ್ತಲ ಕಟ್ಟೆಯ ಮೇಲೆ ಕೂತು ಅತ್ತೆ. ಡ್ರಮ್ಮಿಗಲ್ಲ.

ರಾಯಚೂರಿನ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಬೇಕು ಎಂದು ಅಲ್ಲಿಯ ಹುಡುಗಿ ಕೈಸನ್ನೆಯಲ್ಲಿ ತಿಳಿಸಿದಳು. ನಾನು ಗಾಜಿನ ಹೊರಗಿನಿಂದ ನೋಡುತ್ತಿದ್ದೆ. ಅಪ್ಪ ಆಗಾಗ ಗುಂಡಿ ಒತ್ತುತ್ತಿದ್ದ. ಹುಡುಗಿ ಸದ್ದು ಕೊಡದೇ ಇದ್ದಾಗಲೂ ಒತ್ತುತ್ತಿದ್ದ. ಪಾಪ, ಅಷ್ಟು ಕಷ್ಟಪಡುತ್ತಿದ್ದಾಳೆ, ಏನೂ ಒತ್ತದಿದ್ದರೆ ಬೇಜಾರು ಮಾಡಿಕೊಳ್ಳುತ್ತಾಳೆ ಎಂದು ಒತ್ತಿದನಂತೆ.

ಡಾಕ್ಟರು ನಿಧಾನಕ್ಕೆ ವಿವರಿಸಿದರು. ವರ್ಷಗಟ್ಟಲೆ ಡೊಳ್ಳಿನ ಸದ್ದು ಕಿವಿಯೊಳಗಿನ ನರ ತಿಂದಿದೆ. ಅದಕ್ಕೆ ವಯಸ್ಸೂ ಸೇರಿದೆ. ಸಣ್ಣ ದನಿ, ಮಾತು, ತಾಳ, ಗಂಟೆ ಎಲ್ಲ ಹೋಗಿವೆ. ದಪ್ಪ ದನಿ ಮಾತ್ರ, ಅದೂ ಜೋರಾಗಿದ್ದರೆ, ಒಂದಿಷ್ಟು ಉಳಿದಿದೆ. ಎಷ್ಟು ದಿನ ಉಳಿಯುತ್ತದೆ ಎಂದರೆ ಹೇಳಲಾಗುವುದಿಲ್ಲ. ಮಷಿನ್ ಹಾಕಬಹುದು, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಹಾಕಿಸಿ ನೋಡಿದೆವು. ಅಪ್ಪ ಮುಖ ಸಿಂಡರಿಸಿ ತೆಗೆದು ನನ್ನ ಕೈಗೆ ಕೊಟ್ಟ.

ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಕೂತೆವು. ಅಪ್ಪನೇ ಮಾತು ತೆಗೆದ. ಭುಜಕ್ಕೆ ಏನೂ ಆಗಿಲ್ಲವಂತೆ. ಕಿವಿ ಹೋಗುತ್ತಿರುವುದು ಮೊದಲೇ ಗೊತ್ತಿತ್ತಂತೆ. ಎದುರಿನವನ ಕೋಲು ನೋಡಿ ನೋಡಿ ಬಾರಿಸುತ್ತಿದ್ದನಂತೆ. ಒಂದು ಸಲ ಎದುರಿನವನು ಕುಣಿಯುತ್ತ ಬೆನ್ನು ತಿರುಗಿಸಿದ, ಅಪ್ಪನ ಪೆಟ್ಟು ತಪ್ಪಿತು. ಮೇಳದವರು ಬೈಯಲಿಲ್ಲ. ಭುಜ ನೋಯ್ತದೇನೋ ಕಾಕಾ, ಈ ವರ್ಷ ಕುಂದ್ರು ಅಂದರು. ಅವರು ಕೊಟ್ಟ ಭುಜನೋವನ್ನೇ ಅಪ್ಪ ಇಟ್ಟುಕೊಂಡ. ಇದನ್ನೆಲ್ಲ ಹೇಳುವಾಗ ದನಿ ಎಷ್ಟು ಏರಿದೆ ಎನ್ನುವುದು ಅವನಿಗೆ ತಿಳಿಯುತ್ತಿರಲಿಲ್ಲ. ಹೋಟೆಲಿನವರೆಲ್ಲ ಕೈಯಲ್ಲಿ ಮಿರ್ಚಿ ಬಜ್ಜಿ ಹಿಡಿದು ನಮ್ಮ ಕಡೆ ನೋಡುತ್ತಿದ್ದರು.

ಕೊನೆಗೆ ನನ್ನ ಮೊಣಕೈ ಹಿಡಿದು ಹೇಳಿದ.

"ನೀ ಬಾರ್ಸೋದು ನಾ ಒಮ್ಮಿನೂ ಕೇಳಿಲ್ಲವ್ವಾ. ಕಿವಿ ಇದ್ದಾಗ ಎದ್ದು ಹೋಗ್ತಿದ್ದೆ. ಇದ್ದಷ್ಟರಾಗ ಒಮ್ಮಿ ಕೇಳಿಬಿಡ್ತೀನಿ."

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರೆ. ಮಕ್ಕಳಿಗೆ ಗಾದೆ ಬಿಡಿಸಿ ಬರೆಯಿರಿ ಎಂದು ಪ್ರತಿ ವರ್ಷ ಇದನ್ನೇ ಕೊಡುತ್ತೇನೆ. ಅವತ್ತು ಆ ಗಾದೆ ಕಟ್ಟಿದವನ ಮೇಲೆ ಸಿಟ್ಟು ಬಂತು. ಕಡಲೆ ತಂದು ಎದುರಿಗೆ ಸುರಿಯುವವರ ಪಾಡೇನು ಎಂದು ಆ ಗಾದೆಯಲ್ಲಿ ಕೇಳುವವರಿಲ್ಲ. ಇಷ್ಟು ವರ್ಷ ಚಹಾದ ಹೋಟೆಲಿಗೆ ಹೋದವನ ಮೇಲೂ ಸಿಟ್ಟು ಬಂತು. ಅವನು ಎದುರಿಗೆ ಕೂತು ಕಪ್ಪಿನ ಚಹಾ ಬಷಿಗೆ ಸುರಿದುಕೊಂಡು ಕುಡಿಯುತ್ತಿದ್ದ. ಈಗ ಬೈದು ಏನು ಮಾಡುವುದು, ಅವನಿಗೆ ಕೇಳುವುದಿಲ್ಲ.

ಹೀಗೆ ನನಗೆ ಡ್ರಮ್ ಸೆಟ್ ಬೇಕಾಯಿತು, ಬೇಗ ಬೇಕಾಯಿತು. ಕೈಗೆ ಎಟುಕುವ ಬೆಲೆಯಲ್ಲೂ ಬೇಕಾಯಿತು, ಏಕೆಂದರೆ ನಾನೇನು ಪಟ್ಟಣದ ಆರ್ಕೆಸ್ಟ್ರಾದವಳಲ್ಲ. ಕಲಿಯುವವರ ಸೆಟ್ಟಿನಿಂದ ಮುಂದಿನ ಮೆಟ್ಟಿಲು ಹತ್ತುವುದು ಹೇಗೆ ಎಂದು ಮೊಬೈಲಿನಲ್ಲಿ ಹೇಳುವವರು ಬಹಳ ಮಂದಿ ಇದ್ದಾರೆ. ಅವರೆಲ್ಲರದೂ ಒಂದೇ ಮಾತು: ಪೂರ್ತಿ ಹೊಸದು ಕೊಳ್ಳಬೇಡಿ. ಮೊದಲು ಡ್ರಮ್ಮಿನ ಮುಖಗಳನ್ನು ಬದಲಿಸಿ, ಆಮೇಲೆ ಒಳ್ಳೆಯ ತಾಳಗಳನ್ನು ಕೊಳ್ಳಿ, ಅಗ್ಗದ ಸೆಟ್ಟಿನ ಬಡತನ ತಿಳಿಯುವುದು ತಾಳದಲ್ಲೇ. ಮಾತು ಸರಿ ಇರಬಹುದು. ನನ್ನ ಮುಂದಿದ್ದ ಕೇಳುಗನಿಗೆ ತಾಳ ಕೇಳುವುದೇ ಇಲ್ಲ ಎಂದು ಅವರಿಗೇನು ಗೊತ್ತು.

ಹೋಟೆಲಿನಿಂದ ಎದ್ದವರೇ ನಾನು ಮೊದಲು ಸೆಟ್ ಕೊಂಡಿದ್ದ ಅಂಗಡಿಗೆ ಹೋದೆವು. ಅಪ್ಪ ಕಾಯಿಸಿದ್ದನ್ನು ಸರಿಮಾಡಬಹುದೇ ಎಂದು ಫೋಟೋ ತೋರಿಸಿದೆ. ಅಂಗಡಿಯವನು ಫೋಟೋ ನೋಡಿ, ಮಾಡಬಹುದು ಮೇಡಂ, ಸ್ಕಿನ್ ಚೇಂಜ್ ಮಾಡಿದ್ರಾಯ್ತು, ಎಲ್ಲಾ ಸೈಜಿನ ಸ್ಕಿನ್ ಇವೆ ಎಂದ. ಡ್ರಮ್ಮಿನವರು ಆ ಪ್ಲಾಸ್ಟಿಕ್ಕನ್ನು ಸ್ಕಿನ್ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಆಗಲೇ. ಸ್ಕಿನ್ ಎಂದರೆ ಚರ್ಮ ಎನ್ನುವುದು ಅಪ್ಪನಿಗೂ ಗೊತ್ತು, ಕುರಿಯ ರೋಗ ನೋಡಲು ಬರುವ ಡಾಕ್ಟರು ಯಾವಾಗಲೂ ಅದೇ ಅನ್ನುತ್ತಾರೆ. ನಾನು ಬೆಚ್ಚಿ ಅಪ್ಪನ ಕಡೆ ತಿರುಗಿದೆ. ಇಷ್ಟು ವರ್ಷ ಚರ್ಮವಿಲ್ಲ ಚರ್ಮವಿಲ್ಲ ಎಂದು ಸಾಧಿಸಿದ್ದೆಲ್ಲ ಈ ಅಂಗಡಿಯವನ ಒಂದು ಮಾತಿಗೆ ಹೋಯಿತಲ್ಲ ಎನಿಸಿತು. ಅಪ್ಪ ಫ್ಯಾನಿನ ಗಾಳಿಗೆ ಮುಖ ಕೊಟ್ಟು ನಿಂತಿದ್ದ. ಅವನಿಗೆ ಕೇಳಿರಲಿಲ್ಲ. ನನಗೆ ಒಂದು ಗಳಿಗೆ ಹಗುರವೆನಿಸಿತು. ಅಪ್ಪನ ಕಿವುಡಿನಿಂದ ನನಗೆ ಹಗುರವಾಯಿತೇ ಎಂದು ಆಮೇಲೆ ನಾಚಿಕೆಯಾಯಿತು.

ಆದರೆ ಸ್ಕಿನ್ ಬದಲಿಸಿದರೂ ಆ ಸಣ್ಣ ಡ್ರಮ್ಮಿನಿಂದ ದಪ್ಪ ದನಿ ಹೊರಡುವುದಿಲ್ಲ. ಅಂಗಡಿಯವನು ಪ್ಯಾಡ್ ತೋರಿಸಿದ. ಈಗ ಮದುವೆ ಆರ್ಕೆಸ್ಟ್ರಾಗಳಲ್ಲೆಲ್ಲ ಅದೇ. ರಬ್ಬರಿನ ಚೌಕಗಳು, ತಟ್ಟಿದರೆ ಕರೆಂಟಿನಿಂದ ಬೇಕಾದ ಸದ್ದು ಬರುತ್ತದೆ, ಡೊಳ್ಳಿನದೂ ಬರುತ್ತದೆ. ಅಕ್ಕಪಕ್ಕದವರ ಕಾಟವಿಲ್ಲ, ಹೆಡ್‌ಫೋನ್ ಹಾಕಿಕೊಂಡು ಬಾರಿಸಬಹುದು, ಟೀಚರಿಗೆ ಇದೇ ಸರಿ ಎಂದ. ಅವನು ಸ್ಪೀಕರಿಗೆ ಹಚ್ಚಿ ಬಾರಿಸಿ ತೋರಿಸಿದ. ಅಪ್ಪ ಹತ್ತಿರ ಬಂದು ನಿಂತು ಕೋಲುಗಳನ್ನೇ ನೋಡಿದ. ಇದು ರೊಟ್ಟಿ ಬಡಿಯೋ ಕಲ್ಲೇನು ಎಂದು ನನ್ನನ್ನು ಕೇಳಿದ. ಅಂಗಡಿಯವನು ನಕ್ಕ, ನಾನೂ ನಕ್ಕೆ. ಅಪ್ಪ ತಮಾಷೆ ಮಾಡಿರಲಿಲ್ಲ.

ದೊಡ್ಡ ಹೊಸ ಸೆಟ್ಟುಗಳ ಬೆಲೆ ಕೈಗೆ ಎಟುಕುವಂತಿರಲಿಲ್ಲ. ನನ್ನ ಮುಖ ನೋಡಿ ಅಂಗಡಿಯವನೇ ಒಂದು ದಾರಿ ಹೇಳಿದ. ಮಾರ್ಕೆಟಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಹಿರಿಯರಿದ್ದಾರೆ, ಮದುವೆ ಬ್ಯಾಂಡ್ ನಡೆಸುತ್ತಿದ್ದವರು, ಡಿಜೆ ಬಂದ ಮೇಲೆ ಬ್ಯಾಂಡ್ ಮುಚ್ಚಿ ಸಾಮಾನು ಒಂದೊಂದಾಗಿ ಮಾರುತ್ತಿದ್ದಾರೆ, ಅಲ್ಲಿ ನೋಡಿ ಎಂದ. ಉರಿಬಿಸಿಲಿನಲ್ಲಿ ಅಪ್ಪನ ಕೈ ಹಿಡಿದು ನಡೆದೆ. ಹಿಂದಿನಿಂದ ಆಟೋ ಹಾರ್ನ್ ಹೊಡೆದರೆ ಅಪ್ಪ ಸರಿಯುತ್ತಿರಲಿಲ್ಲ, ನಾನೇ ಎಳೆದುಕೊಳ್ಳಬೇಕಿತ್ತು.

ಆ ಹಿರಿಯರು, ಅವರನ್ನು ನಾನು ಚಾಚಾ ಎಂದೇ ಕರೆದೆ, ಶಟರ್ ಅರ್ಧ ಎಳೆದು ಒಳಗೆ ಮಲಗಿದ್ದರು. ಎದ್ದು ಟೋಪಿ ಸರಿಮಾಡಿಕೊಂಡು, ನೀರು ಕೊಟ್ಟು, ಆಮೇಲೆ ಏನು ಬೇಕು ಎಂದು ಕೇಳಿದರು. ಮೂಲೆಯಲ್ಲಿ ಮೆರೂನ್ ಬಣ್ಣದ ಸೆಟ್ ಇತ್ತು. ಬಣ್ಣ ಅಲ್ಲಲ್ಲಿ ಹೋಗಿತ್ತು, ಕಬ್ಬಿಣದ ಬಳೆಗಳಿಗೆ ತುಕ್ಕು ಹತ್ತಿತ್ತು. ಆದರೆ ಕಾಲಲ್ಲಿ ಬಾರಿಸುವ ಡ್ರಮ್ ನನ್ನ ಹಳೆಯದಕ್ಕೆ ಅಜ್ಜನಂತಿತ್ತು. ಚಾಚಾ ಕೂಡ ಮೊದಲು ತಾಳಗಳನ್ನೇ ಹೊಗಳಿದರು. ಒಳ್ಳೆಯ ಕಂಚು, ಈಗ ಇಂಥದು ಸಿಗುವುದಿಲ್ಲ, ಬೇಕಾದರೆ ಇದಷ್ಟೇ ಒಯ್ಯಿ, ಹಳೆಯ ಸೆಟ್ಟಿಗೇ ಹಾಕಿಕೊ, ಕಡಿಮೆಯಲ್ಲಿ ಆಗುತ್ತದೆ ಎಂದರು. ನಾನು ದೊಡ್ಡ ಡ್ರಮ್ ಬೇಕು, ತಾಳ ಬೇಡ ಎಂದೆ. ತಾಳವಿಲ್ಲದೆ ಡ್ರಮ್ ಹೇಗೆ ಬಾರಿಸುತ್ತೀ ಎಂದು ಅವರಿಗೆ ಆಶ್ಚರ್ಯ. ಆಗ ಅಪ್ಪನ ವಿಷಯ ಹೇಳಿದೆ.

ಚಾಚಾ ತಾಳಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದರು.

"ತಾಳ ನಕೋ ಹಂಗಾದ್ರ. ಬಾ ಬೇಟಿ, ನಿನ್ನ ಅಬ್ಬಾಗ ಇಲ್ಲಿ ಕುಂದ್ರಿಸು."

ಅಪ್ಪನನ್ನು ಸ್ಟೂಲಿನ ಮೇಲೆ ಡ್ರಮ್ಮಿಗೆ ತಾಗಿ ಕೂರಿಸಿದರು. ಅಪ್ಪ ತಾನಾಗಿಯೇ ಅಂಗೈಯನ್ನು ಡ್ರಮ್ಮಿನ ಮಗ್ಗುಲಿಗೆ ಇಟ್ಟ, ಡೊಳ್ಳಿಗೆ ಇಡುವಂತೆ. ಚಾಚಾ ಪೆಡಲ್ ತುಳಿದರು. ಅಂಗಡಿಯ ಶಟರ್ ಗಲಗಲ ಎಂದಿತು. ಅಪ್ಪ ಕಣ್ಣರಳಿಸಿದ. ಬಂತು ಎಂದ. ಚಾಚಾ ಮತ್ತೆ ತುಳಿದರು. ಬಂತು ಬಂತು ಎಂದು ಅಪ್ಪ ಸ್ಟೂಲಿನ ಮೇಲೆ ಕೂತಲ್ಲೇ ಹೆಗಲು ಕುಣಿಸಿದ. ಇದನ್ನೇ ತಗೋ ಎಂದು ನನಗೆ ಹೇಳಿದ. ಅಲ್ಲೇ ವ್ಯಾಪಾರ ಮುಗಿಸಿದೆ. ಬೆಲೆಯಲ್ಲಿ ಚಾಚಾ ನನ್ನನ್ನು ಬಿಗಿಹಿಡಿಯಲಿಲ್ಲ.

ನೀ ಬಾರ್ಸು ಎಂದು ಅಪ್ಪ ಅಲ್ಲಿಯೇ ಹೇಳಿದ. ಸ್ಟೂಲಿನಿಂದ ಎದ್ದು ನನಗೆ ಜಾಗ ಬಿಟ್ಟ. ಗಲ್ಲಿಯಲ್ಲಿ ನಾಲ್ಕು ಜನ ಗಂಡಸರು ನಿಂತು ನೋಡುತ್ತಿದ್ದರು, ಸೀರೆಯಲ್ಲಿದ್ದೆ, ಎದುರಿಗಿದ್ದದ್ದು ಅಭ್ಯಾಸವಿಲ್ಲದ ಸೆಟ್. ಮೊದಲ ಸಲ ಅಪ್ಪ ಕೇಳುತ್ತಿರುವಾಗ ತಪ್ಪಬಾರದು ಎಂದಿತ್ತು. ಮನೆಯಲ್ಲಿ, ಯಪ್ಪಾ, ಮನೆಯಲ್ಲಿ ಎಂದು ಕೈಸನ್ನೆ ಮಾಡಿದೆ.

ಪೆಡಲಿನ ಸ್ಪ್ರಿಂಗ್ ಸವೆದಿದೆ, ಡ್ರಮ್ಮಿನ ಒಂದು ಕಾಲು ಅಲುಗಾಡುತ್ತದೆ, ರಿಪೇರಿ ಮಾಡಿಸಿಯೇ ಕಳಿಸುತ್ತೇನೆ ಎಂದು ಚಾಚಾ ಸಮಯ ಕೇಳಿದರು. ನನಗೂ ಶಾಲೆಯಲ್ಲಿ ಪರೀಕ್ಷೆ ಶುರುವಾಗಿತ್ತು. ಮಸರಕಲ್ಲಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುವ ಕೆಲಸ ಬಂತೆಂದು ಅಪ್ಪ ಊರಿಗೆ ಹೋದ, ಸೆಟ್ ಬಂದ ಕೂಡಲೇ ಹೇಳಿ ಕಳಿಸು ಎಂದು ಹೋದ. ರಿಪೇರಿಯವನು ಇವತ್ತು ನಾಳೆ ಎಂದು ದಿನ ತಳ್ಳಿದ. ಗೂಡ್ಸ್ ಆಟೋದಲ್ಲಿ ಸೆಟ್ ಮಾನ್ವಿಗೆ ಬಂದಾಗ ಶಾಲೆಗೆ ರಜೆ ಬಿಟ್ಟಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. ನಾನು ಎರಡು ವಾರ ಕೂತು ಕೈ ಕೂರಿಸಿಕೊಂಡೆ. ಬಾಗಿಲ ಹಿಂದೆ ನಿಂತು ಕಲಿತಿದ್ದ ಅಪ್ಪನ ಮೇಳದ ಪೆಟ್ಟುಗಳನ್ನು ಈ ಡ್ರಮ್ಮಿಗೆ ಹೊಂದಿಸಿದೆ. ಡೊಳ್ಳಿನ ಎಡಗೈ ಪೆಟ್ಟು ಸಣ್ಣ ಡ್ರಮ್ಮಿಗೆ, ಬಲಗೈ ಕೋಲಿನ ಪೆಟ್ಟು ಕಾಲಿನ ಪೆಡಲಿಗೆ. ನಮ್ಮ ಮನೆಯವರು ಈ ಸಲ ಹತ್ತಿ ಇಡುವುದನ್ನೂ ಬಿಟ್ಟು, ಅಡುಗೆಮನೆಯಲ್ಲಿ ಕೂತು ಕೇಳಿದರು. ಚೆನ್ನಾಗಿ ಬರುತ್ತಿದೆ, ಮಾವನನ್ನು ಕರೆಸು ಎಂದರು.

ತಮ್ಮ ಅಪ್ಪನನ್ನು ಬಸ್ಸಿಗೆ ಕೂರಿಸಿದ. ಇಳಿದಾಗ ಅಪ್ಪ ಇನ್ನಷ್ಟು ಬಗ್ಗಿದ್ದ. ದಾರಿಯಲ್ಲಿ ನಾನು ಕಿವಿಗೆ ಬಾಯಿಟ್ಟು ಮಾತಾಡಿದರೂ ಹೂಂ ಎನ್ನಲಿಲ್ಲ, ನನ್ನ ತುಟಿಗಳನ್ನೇ ನೋಡಿದ. ಬಿಸಿಲಿಗೆ ದಣಿದಿದ್ದಾನೆ ಎಂದುಕೊಂಡೆ. ಹಾಗೆಂದುಕೊಳ್ಳುವುದು ನನಗೆ ಬೇಕಾಗಿತ್ತು.

ಸಂಜೆ ಮಿಂದು ಬಂದ. ಬೆಂಕಿ ಹಚ್ಚಬೇಡ ಎಂದು ನಾನು ಮೊದಲೇ ಕೈ ಮುಗಿದಿದ್ದೆ. ಸೊಂಟದ ಚೀಲದಿಂದ ಭಂಡಾರ ತೆಗೆದು ದೊಡ್ಡ ಡ್ರಮ್ಮಿನ ಮುಖಕ್ಕೆ ಹಚ್ಚಿದ. ಬೆರಳಲ್ಲಿ ಉಳಿದದ್ದನ್ನು ನನ್ನ ಹಣೆಗೆ ಹಚ್ಚಿದ. ಮಸರಕಲ್ಲಿನ ನಮ್ಮ ಪಡಸಾಲೆಯಲ್ಲಿ ಆ ಭಂಡಾರ ಹೆಣ್ಣಿನ ಹಣೆಗೆ ಬಂದದ್ದನ್ನು ನಾನು ನೋಡಿಲ್ಲ. ಅದು ಚರ್ಮವೋ ಪ್ಲಾಸ್ಟಿಕ್ಕೋ ಎಂದು ಅಪ್ಪ ಈ ಸಲ ಕೆರೆದು ನೋಡಲಿಲ್ಲ.

ಡ್ರಮ್ಮಿನ ಪಕ್ಕ ಸ್ಟೂಲ್ ಇಟ್ಟಿದ್ದೆ. ಅಪ್ಪ ಅಲ್ಲಿ ಕೂರಲಿಲ್ಲ. ಕೇಳುವವರು ಎದುರಿಗೆ ಕೂರಬೇಕು ಎಂದು ಬಾಗಿಲ ಪಕ್ಕದ ಕುರ್ಚಿ ಎಳೆದುಕೊಂಡು ಕಾಲು ಮಡಚಿ ಕೂತ. ಮಾನ್ವಿಯಲ್ಲಿ ಬೇಸಿಗೆಯ ಭತ್ತ ಬಂದ ಕಾಲ. ನಮ್ಮ ಮನೆ ರಸ್ತೆಗೇ ಇದೆ, ಭತ್ತದ ಲಾರಿ ಹೋದರೆ ಕಿಟಕಿ, ಬಾಗಿಲು, ನೆಲ ಎಲ್ಲ ನಡುಗುತ್ತದೆ. ರಸ್ತೆ ಖಾಲಿಯಾಗುವವರೆಗೂ ಕಾದೆ. ಅಪ್ಪ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದ. ಮೇಳ ಶುರುವಾಗುವ ಮುಂಚೆ ಅವರೆಲ್ಲ ಹಾಗೇ ನಿಲ್ಲುತ್ತಾರೆ, ಮೊದಲ ಪೆಟ್ಟು ಬಿದ್ದಾಗ ಕಣ್ಣು ತೆರೆಯುತ್ತಾರೆ.

ಮೊದಲ ಪೆಟ್ಟು ಹಾಕಿದೆ. ಅಪ್ಪ ಕಣ್ಣು ತೆರೆಯಲಿಲ್ಲ. ಒಳಗೇ ಕೇಳುತ್ತಿದ್ದಾನೆ ಎಂದುಕೊಂಡು ಮುಂದುವರಿಸಿದೆ. ನಿಧಾನದ ನಡೆ, ಅದರ ಎರಡರಷ್ಟು, ಕುಣಿಯುವಾಗಿನ ನಡೆ, ಎಲ್ಲ ಬಾರಿಸಿದೆ. ಎಲ್ಲಿಯೂ ತಪ್ಪಲಿಲ್ಲ. ಇಷ್ಟು ಚೆನ್ನಾಗಿ ಅದಕ್ಕೂ ಮುಂಚೆ ಬಾರಿಸಿರಲಿಲ್ಲ, ಆಮೇಲೂ ಬಾರಿಸಿಲ್ಲ. ನಮ್ಮ ಮನೆಯವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಪ್ಪನ ಮುಖದಲ್ಲಿ ತಾಳ್ಮೆ ಇತ್ತು, ಕೈ ಜೋಡಿಸಿಯೇ ಇದ್ದ. ಮುಕ್ತಾಯದ ಪೆಟ್ಟು ಹಾಕಿ ಕೋಲು ಇಳಿಸಿದೆ.

ಅಪ್ಪ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದ. ಆಮೇಲೆ ಕಣ್ಣು ತೆರೆದು ಕಿಟಕಿಯ ಕಡೆ ನೋಡಿ, ನನ್ನ ಕಡೆ ತಿರುಗಿದ.

"ಲಾರಿ ಹೋತೇನವ್ವಾ? ಹೂಂ, ಈಗ ಶುರು ಮಾಡು."

ರಸ್ತೆಯಲ್ಲಿ ಯಾವ ಲಾರಿಯೂ ಇರಲಿಲ್ಲ. ಹೋತು, ಯಪ್ಪಾ, ಎಂದು ನಾನು ಕೈ ಮಾಡಿ ತೋರಿಸಿದೆ. ಅಪ್ಪ ಮತ್ತೆ ಕಣ್ಣು ಮುಚ್ಚಿ ಕೈ ಜೋಡಿಸಿದ.